ಸೂತಕದ ದಕ್ಕೆ

ನಮ್ಮೂರಲ್ಲಿ ಸಾವಿನ ಸುದ್ದಿ ಫೋನಿಗಿಂತ ಮೊದಲು ದೋಣಿ ಕಟ್ಟುವ ದಕ್ಕೆಗೆ ಬರುತ್ತದೆ. ಬೆಳಿಗ್ಗೆ ಎದ್ದು ಅಳಿವೆಯ ಕಡೆ ನೋಡಿದರೆ ಯಾರದೋ ದೋಣಿ ತನ್ನಷ್ಟಕ್ಕೆ ತಾನೇ ಬಂದು, ತೆಂಕು ದಿಕ್ಕಿನ ಹಳೇ ದಕ್ಕೆಗೆ ಮೂತಿ ತಾಗಿಸಿ ನಿಂತಿರುತ್ತದೆ. ಹಗ್ಗವೂ ಕಟ್ಟಿಯೇ ಇರುತ್ತದೆ. ಯಾರು ಕಟ್ಟಿದರು ಅಂತ ನಾವು ಕೇಳುವುದಿಲ್ಲ. “ಅಯ್ಯೋ ದೇವರೇ, ಅದು ನಮ್ಮ ಬಾಬಣ್ಣನದ್ದಲ್ವಾ!” ಅನ್ನುತ್ತೇವೆ, ಒಲೆಯ ಮೇಲಿದ್ದದ್ದನ್ನು ಇಳಿಸುತ್ತೇವೆ, ಅವರ ಮನೆಯ ಕಡೆ ಓಡುತ್ತೇವೆ. ಮರದ ದೋಣಿಗಳಿಗೆ ಮಾತ್ರ ಈ ಬುದ್ಧಿ. ಈಗಿನ ಫೈಬರಿನವಕ್ಕೆ ಎಂಥದೂ ಇಲ್ಲ. ಯಜಮಾನ ಸತ್ತ ಮಾರನೆ ದಿನವೇ ಅವನ ಅಳಿಯನನ್ನು ಹೊತ್ತುಕೊಂಡು ಮೀನಿಗೆ ಹೊರಡುತ್ತವೆ, ನಾಚಿಕೆಗೆಟ್ಟವು.

ಹಾಗೆ ಬಂದ ದೋಣಿಯನ್ನು ಬಿಚ್ಚಲಿಕ್ಕೆ ಆಗುವುದಿಲ್ಲ. ಹಗ್ಗಕ್ಕೆ ಕತ್ತಿ ಹಾಕಿದರೆ ಕತ್ತಿಯೇ ಮೊಂಡಾಗುತ್ತದೆ. ಮನೆಯವರು ಯಾರಾದರೂ ಬಂದು, ದೋಣಿಯೊಳಗೆ ಕೂತು, ಅದರ ಮೂತಿಯ ಮೇಲೆ ಕೈಯಿಟ್ಟು ಬಾಯಿಬಿಟ್ಟು ಹೇಳಬೇಕು: ಇಂಥವರು ತೀರಿಹೋದರು, ಇನ್ನು ಬರುವುದಿಲ್ಲ, ನೀನು ಹೊರಡು. ಅಷ್ಟು ಹೇಳಿದರೆ ಸೂತಕ ಕಳೆಯಿತು. ಹಗ್ಗ ತಾನಾಗಿ ಸಡಿಲಾಗಿ ದೋಣಿ ಇಳಿತದ ನೀರಿನ ಜೊತೆ ಅಳಿವೆ ದಾಟಿ ಹೋಗುತ್ತದೆ. ಎಲ್ಲಿಗೆ ಅಂತ ಹಿಂದೆ ಹೋಗಿ ನೋಡಿದವರಿಲ್ಲ. ಹೊರಗಿನಿಂದ ಬಂದ ನೆಂಟರು ಕೇಳುವುದುಂಟು, ಯಜಮಾನ ಸತ್ತದ್ದು ಗೊತ್ತಾಗಿಯೇ ತಾನೆ ಅದು ಬಂದದ್ದು, ಮತ್ತೆ ಹೇಳುವುದು ಯಾಕೆ ಅಂತ. ನನ್ನ ಅಜ್ಜಿ ಅದಕ್ಕೆ, “ಗೊತ್ತಿರೂದು ಬೇರೆ ಮಗಾ, ಹೇಳಿಸಿಕೊಳ್ಳೂದು ಬೇರೆ” ಅನ್ನುತ್ತಿದ್ದಳು. ಕೆಲವರು ಮರುದಿನವೇ ಹೇಳುತ್ತಾರೆ. ಕೆಲವರಿಗೆ ವರ್ಷವಾದರೂ ಬಾಯಿ ಬರುವುದಿಲ್ಲ. ಯಾರೂ ಅವಸರ ಮಾಡುವುದಿಲ್ಲ. ಆದರೆ ದೋಣಿ ಕಟ್ಟಿದಲ್ಲೇ ಮುಳುಗಬಾರದು. ಮುಳುಗಿದರೆ ಸತ್ತವರಿಗೆ ಆಚೆ ದಡವಿಲ್ಲ, ಉಳಿದವರಿಗೆ ಈಚೆ ದಡವಿಲ್ಲ ಅಂತ ಹಿರಿಯರ ಮಾತು.

ಈ ಸೂತಕದ ದಕ್ಕೆ ಪುರಸಭೆಯದ್ದು. ಅದನ್ನು ಗುತ್ತಿಗೆಗೆ ಹಿಡಿದವಳು ಅಪ್ಪಿ, ಅವಳಿಗಿಂತ ಮೊದಲು ಅವಳ ಅಪ್ಪ. ಬಂದ ದೋಣಿಗಳಿಗೆ ಮೀನೆಣ್ಣೆ ಸವರುವುದು, ತುಂಬಿದ ನೀರು ಮೊಗೆದು ಹಾಕುವುದು, ಹೇಳಲಿಕ್ಕೆ ಬಂದವರಿಗೆ ಒಂದು ಲೋಟ ಬೆಲ್ಲದ ಕಾಫಿ ಕೊಟ್ಟು ಧೈರ್ಯ ಹೇಳುವುದು ಅವಳ ಕೆಲಸ. ದಕ್ಕೆಯ ಮೇಲೆಯೇ ಒಂದು ಕೋಣೆ, ಪಕ್ಕದಲ್ಲಿ ಒಂದು ಬಸಳೆ ಚಪ್ಪರ. ದಕ್ಕೆ ನೋಡಿಕೊಳ್ಳುವವರು ಮಸಣಕ್ಕೆ ಹೋಗುವಂತಿಲ್ಲ ಎಂಬುದೊಂದು ಕಟ್ಟುಪಾಡು ಬೇರೆ. ಹೆಣದ ಕೆಲಸ ಅವರವರದ್ದು, ದೋಣಿಯ ಕೆಲಸ ಇವಳದ್ದು.

ನಾನು ಗುಲಾಬಿ. ಮೀನು ಮಾರುವವಳು. ಮಹಿಳಾ ಮೀಸಲಾತಿ ಬಂದ ವರ್ಷ ಎಲ್ಲರೂ ಸೇರಿ ನನ್ನನ್ನು ಪುರಸಭೆಗೆ ನಿಲ್ಲಿಸಿದರು, ಗೆದ್ದೂ ಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ ಅಂತ ಊರಿಗೇ ಗೊತ್ತು. ಅಪ್ಪಿ ಮತ್ತು ನಾನು ಒಂದೇ ಪ್ರಾಯದವರು, ಲಂಗ ಎತ್ತಿ ಕಟ್ಟಿಕೊಂಡು ಒಟ್ಟಿಗೇ ಕೆಸರಿನಲ್ಲಿ ಮಳಿ ಚಿಪ್ಪು ಹೆಕ್ಕಿದವರು. ನಮ್ಮಿಬ್ಬರ ಬಾಲ ಹಿಡಿದುಕೊಂಡು ಅವಳ ತಂಗಿ ರುಕ್ಕು ಇರುತ್ತಿದ್ದಳು.

ರುಕ್ಕು ದೊಡ್ಡವಳಾಗಿ ತಾರಿ ದೋಣಿ ನಡೆಸಿದಳು. ಈ ದಡದವರನ್ನು ಆ ದಡಕ್ಕೆ ದಾಟಿಸುವ ಕೆಲಸ. ಹೆಂಗಸಾದವಳು ಹುಟ್ಟು ಹಾಕುವುದಾ ಅಂತ ಮೂಗು ಮುರಿದವರು ಕೂಡ ಅವಳ ದೋಣಿಯಲ್ಲೇ ದಾಟಿದರು. ಆಮೇಲೆ ಸೇತುವೆ ಆಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಜನ ಬಸ್ಸಿನಲ್ಲಿ ಹೋದರು. ರುಕ್ಕು ಮಾತ್ರ ದಿನಾ ಬೆಳಿಗ್ಗೆ ದೋಣಿ ತೊಳೆದು ಕಾದು ಕೂರುತ್ತಿದ್ದಳು. ಒಂದು ಮಳೆಗಾಲದ ಕೊನೆಗೆ ಅವಳ ಕಣ್ಣು ಅರಿಸಿನದ ಹಾಗೆ ಹಳದಿಯಾಯಿತು. ನಾಟಿ ಮದ್ದು ಆಯಿತು, ಹರಕೆ ಆಯಿತು, ಕೊನೆಗೆ ಪೇಟೆಯ ದೊಡ್ಡ ಆಸ್ಪತ್ರೆಗೆ ಹೊರಟಳು. ದಕ್ಕೆಯಲ್ಲಿ ಆಗಷ್ಟೇ ಬಂದ ದೋಣಿಯೊಂದಿತ್ತು, ಅಪ್ಪಿ ಬಿಟ್ಟು ಹೋಗುವ ಹಾಗಿರಲಿಲ್ಲ. ನಾನೇ ಜೊತೆಗೆ ಹೋದೆ. ಕಾರು ಹೊರಡುವಾಗ ರುಕ್ಕು ಕಿಟಕಿಯಿಂದ ತಲೆ ಹಾಕಿ, “ನಾಳೆ ಬರ್ತೇನೆ ಅಕ್ಕಾ, ನನ್ನ ದೋಣಿಗೆ ಬಿಸಿಲು ತಾಗದ ಹಾಗೆ ನೋಡ್ಕೋ” ಅಂದಳು.

ಮರುದಿನ ಬೆಳಿಗ್ಗೆ ಅಪ್ಪಿ ಬಾಗಿಲು ತೆಗೆದರೆ ತಾರಿ ದೋಣಿ ದಕ್ಕೆಗೆ ಬಂದು ಎದುರಿಗೇ ನಿಂತಿತ್ತು.

ಆಸ್ಪತ್ರೆಯಿಂದ ನಾವು ಹೆಣ ತಂದೆವು, ಸುಟ್ಟೆವು, ಬೊಜ್ಜದ ತಿಥಿಯೂಟ ಮಾಡಿದೆವು. ಅಪ್ಪಿ ದಕ್ಕೆ ಬಿಟ್ಟು ಕದಲಲಿಲ್ಲ, ಕದಲುವ ಹಾಗೂ ಇರಲಿಲ್ಲ. ತಂಗಿಯ ಮುಖ ಸಹ ನೋಡಲಿಲ್ಲ. ನಾನು ಹೋದಾಗ ದೋಣಿಗೆ ಎಣ್ಣೆ ಸವರುತ್ತಾ ಕೂತಿದ್ದಳು. ನನ್ನನ್ನು ನೋಡಿ, “ಕಾಫಿ ಕುಡೀತೀಯಾ?” ಅಂದಳು. ಕುಡಿದು ಬಂದೆ. ದೋಣಿಯೇ ಎದುರಿಗೆ ನಿಂತಿರುವಾಗ ಬಾಯಿಂದ ಹೇಳಲಿಕ್ಕೆ ನನಗೆಂಥ ಉಳಿದಿತ್ತು?

ವರ್ಷಗಳು ಹೋದವು. ತಾರಿ ದೋಣಿ ಹೋಗಲಿಲ್ಲ. ಅಪ್ಪಿ ಅದಕ್ಕೆ ಹೇಳಿ ಆಗಿದೆ, ಆದರೂ ಅದು ಬಿಟ್ಟು ಹೋಗುತ್ತಿಲ್ಲ ಅಂತ ಊರೆಲ್ಲ ನಂಬಿತ್ತು. ರುಕ್ಕು ಹಟಮಾರಿ, ಅವಳ ದೋಣಿಗೂ ಅದೇ ಹಟ ಅಂತ ಹೆಂಗಸರು ಪ್ರೀತಿಯಿಂದಲೇ ಆಡಿಕೊಂಡರು. ಎಲ್ಲರಿಗೂ ಹೇಳುವ ಧೈರ್ಯ ಕೊಡುವವಳು ತಾನೇ ಹೇಳದೆ ಇರುತ್ತಾಳೆ ಅಂತ ಯಾರ ತಲೆಗೂ ಹೊಳೆಯಲಿಲ್ಲ. ಈ ನಡುವೆ ಊರಿನ ಮರದ ದೋಣಿಗಳು ಒಂದೊಂದಾಗಿ ಮುಗಿದವು. ಕೊನೆಗೆ ದಕ್ಕೆಯಲ್ಲಿ ಉಳಿದದ್ದು ಅದೊಂದೇ.

ಅಷ್ಟು ಹೊತ್ತಿಗೆ ಗುತ್ತಿಗೆಯ ಅವಧಿ ಮುಗಿಯಲಿಕ್ಕೆ ಬಂತು. ಹೊರಗಿನ ಒಂದು ಕಂಪೆನಿ ದಕ್ಕೆಯ ಮೇಲೆ ಕಣ್ಣು ಹಾಕಿತ್ತು. ಅಲ್ಲಿ ಬಿಳಿ ಬಿಳಿ ಮೋಜಿನ ದೋಣಿ ನಿಲ್ಲಿಸುವ ಜಾಗ ಮಾಡುತ್ತಾರಂತೆ, ಮರೀನಾ ಅಂತೆ ಅದರ ಹೆಸರು. ಗಾಜಿನ ಹೋಟೆಲು, ಸಂಜೆ ಬಣ್ಣದ ದೀಪ. ಪುರಸಭೆಗೆ ಬರುವ ಬಾಡಿಗೆ ಕೇಳಿ ನಮ್ಮ ಸದಸ್ಯರೆಲ್ಲ ಆಗಲೇ ಗಾಜಿನ ಹೋಟೆಲಲ್ಲಿ ಉಂಡವರ ಹಾಗೆ ತೇಗಿದರು. ಬಿಚ್ಚಲಿಕ್ಕೆ ಆಗದ ದೋಣಿಯನ್ನು ಏನು ಮಾಡುತ್ತೀರಿ ಅಂತ ನಾನು ಕೇಳಿದೆ. ಕಂಪೆನಿಯವನು ಕಣ್ಣು ಮಿಟುಕಿಸದೆ, “ಕ್ರೇನ್ ತರ್ತೇವೆ ಮೇಡಂ. ಗೂಟದ ಸಮೇತ ಕಿತ್ತು ಆಚೆ ಹಾಕ್ತೇವೆ” ಅಂದ. ನನಗೆ ಮೈಯೆಲ್ಲ ಉರಿಯಿತು.

ಮುಖ್ಯಾಧಿಕಾರಿ ವಿಠಲ ಶಾನುಭಾಗರು ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು. ಮೆತ್ತಗೆ ಮಾತಾಡುವ ಮನುಷ್ಯ, ದೋಣಿಯ ವಿಷಯ ಕೇಳಿ ನಗಲಿಲ್ಲ. ಅಪ್ಪಿಯನ್ನು ಕಚೇರಿಗೆ ಕರೆಸಿ ಕುರ್ಚಿ ಕೊಟ್ಟು ಕೂರಿಸಿದರು. ಅವಳು ತುದಿಯಲ್ಲಿ ಕೂತಳು. ಹಳೇ ಕರಾರು ಊರಿಗೆಲ್ಲ ಬಾಯಿಪಾಠ: ದಕ್ಕೆಯಲ್ಲಿ ಸೂತಕದ ದೋಣಿ ಒಂದಾದರೂ ಇದ್ದರೆ ಗುತ್ತಿಗೆ ಮುಂದುವರಿಸಬೇಕು.

“ಕರಾರು ನಿಮ್ಮ ಪರವಾಗಿಯೇ ಉಂಟು ಅಮ್ಮಾ,” ಅಂದರು ಶಾನುಭಾಗರು. “ಆದರೆ ಕಂಪೆನಿಯವರು ಕೇಳ್ತಾರೆ, ಇಷ್ಟು ವರ್ಷದ ಸೂತಕ ಎಲ್ಲಾದರೂ ಉಂಟಾ, ಇದು ಸುಮ್ಮನೆ ಕಟ್ಟಿ ಇಟ್ಟ ದೋಣಿ ಅಂತ. ನಾನೇನು ಉತ್ತರ ಕೊಡಲಿ?”

ಅಪ್ಪಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಜಾಗ ನಿಮ್ಮದೇ ಸಾರ್. ನನಗೆ ಹೆಚ್ಚು ಬೇಡ. ಅದು ಇರುವಷ್ಟು ದಿನ ನಾನೂ ಇರ್ತೇನೆ. ಅಷ್ಟು ಬಿಡಿ.”

“ಅಷ್ಟು ದಿನ ಅಂದ್ರೆ ಎಷ್ಟು?”

ಅಷ್ಟರಲ್ಲಿ ಸದಸ್ಯರೊಬ್ಬರು ಮೂಗಿಗೆ ತುಪ್ಪ ಸವರಲಿಕ್ಕೆ ಬಂದರು: ಮರೀನಾದಲ್ಲಿ ಅಪ್ಪಿಗೊಂದು ಚಹಾದ ಅಂಗಡಿ ಕೊಡಿಸೋಣ, ಪಿಂಚಣಿ ಮಾಡಿಸೋಣ. ಅಪ್ಪಿ ಬೇಡವೆಂದು ತಲೆಯಾಡಿಸಿದಳು. ನನಗೆ ತಡೆಯಲಿಲ್ಲ. ಎದ್ದು ನಿಂತೆ.

“ಒಂದು ಕೆಲಸ ಮಾಡುವ ಸಾರ್. ಎಲ್ಲರ ಎದುರೇ ಅಪ್ಪಿ ಇನ್ನೊಮ್ಮೆ ದೋಣಿಗೆ ಹೇಳ್ಲಿ. ಹಗ್ಗ ಸಡಿಲಾದ್ರೆ ದಕ್ಕೆ ನಿಮ್ಮದು, ನಾನೇ ಅವಳನ್ನು ಮನೆಗೆ ಕರ್ಕೊಂಡು ಹೋಗ್ತೇನೆ. ಹೊತ್ತು ಮುಳುಗುವ ತನಕ ದೋಣಿ ನಿಂತಲ್ಲೇ ನಿಂತ್ರೆ ಸೂತಕ ಸತ್ಯ. ಅಲ್ಲೇ ಹತ್ತು ವರ್ಷಕ್ಕೆ ಸಹಿ ಹಾಕಿ. ದೋಣಿ ಆಮೇಲೆ ಇರ್ಲಿ, ಹೋಗ್ಲಿ, ಮತ್ತೆ ಯಾರೂ ಈ ಮಾತು ಎತ್ತಬಾರದು.”

ಎಷ್ಟು ಸಲ ಹೇಳಿದರೂ ಹೋಗದ ದೋಣಿ ಈ ಸಲ ಹೋಗುತ್ತದಾ, ಇದು ಗೆದ್ದ ಪಂದ್ಯ ಅಂತ ನನ್ನ ಲೆಕ್ಕ. ಶಾನುಭಾಗರು ಒಪ್ಪಿದರು. ಕಂಪೆನಿಯವನೂ ನಗುತ್ತಾ ಒಪ್ಪಿದ. ಹೊರಗೆ ಬಂದು ಅಪ್ಪಿಯ ಬೆನ್ನಿಗೊಂದು ಗುದ್ದು ಕೊಟ್ಟೆ. “ಹೇಗೆ ಹಾಕಿದೆ ನೋಡು ಬಲೆ! ಹತ್ತು ವರ್ಷ, ಮಾರಾಯ್ತಿ!” ಅವಳ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡು ಸೋಡಾ ಕುಡಿಸಿದೆ.

ಗೊತ್ತು ಮಾಡಿದ ದಿನ ಮಧ್ಯಾಹ್ನದ ಊಟ ಮುಗಿಸಿ ಊರೇ ದಕ್ಕೆಗೆ ಬಂತು. ದೋಣಿಗೆ ಹೇಳುವಾಗ ಹತ್ತಿರ ನಿಂತು ಕಿವಿ ಕೊಡಬಾರದು, ಅದು ಮರ್ಯಾದೆ. ಎಲ್ಲರೂ ಬಸಳೆ ಚಪ್ಪರದ ಆಚೆ ನಿಂತರು. ಶಾನುಭಾಗರು ಚಪ್ಪಲಿ ಕಳಚಿಟ್ಟು ಕೈಕಟ್ಟಿ ನಿಂತದ್ದು ನೋಡಿ ನನಗೆ ಅವರ ಮೇಲೆ ಗೌರವ ಬಂತು. ಅಪ್ಪಿಗೆ ಮೊಣಕಾಲು ನೋವು. ಇಳಿಯಲಿಕ್ಕೆ ನನ್ನ ಕೈ ಹಿಡಿದುಕೊಂಡವಳು ಮತ್ತೆ ಬಿಡಲೇ ಇಲ್ಲ. ಹಾಗಾಗಿ ನಾನೂ ದೋಣಿಯೊಳಗೆ ಕೂರಬೇಕಾಯಿತು.

ಕೂತ ಕೂಡಲೇ ನನ್ನ ಸೀರೆಯ ಅಂಚು ಒದ್ದೆಯಾಯಿತು. ಮೇಲಿನಿಂದ ಎಣ್ಣೆ ಸವರಿ ಮಿರಮಿರ ಮಿಂಚುತ್ತಿದ್ದ ದೋಣಿಯ ಒಳಗೆ ಪಾದ ಮುಳುಗುವಷ್ಟು ನೀರು. ತಳದ ಹಲಗೆಗಳನ್ನು ಹುಳು ತಿಂದು ಹಾಕಿತ್ತು. ಹೆಬ್ಬೆರಳು ಒತ್ತಿದರೆ ಮರ ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಗುತ್ತಿತ್ತು.

ಅಪ್ಪಿ ಮೂತಿಯ ಮೇಲೆ ಕೈಯಿಟ್ಟಳು. ಮೆಲ್ಲಗೆ, ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು: “ರುಕ್ಕು ನಾಳೆ ಬರ್ತಾಳೆ.”

ನಾನು ಅವಳ ಕಡೆ ತಿರುಗಿದೆ. “ಅಪ್ಪೀ, ಎಂತ ಹೇಳ್ತಿದ್ದೀ?”

“ದಿನಾ ಹೇಳೂದು ಇದನ್ನೇ,” ಅಂದಳು ಅವಳು, ನನ್ನ ಮುಖ ನೋಡದೆ. “ಬೆಳಿಗ್ಗೆ ಎದ್ದ ಕೂಡಲೇ ಬಂದು ಹೇಳ್ತೇನೆ. ಅವಳು ಹಾಗೇ ಹೇಳಿ ಹೋದದ್ದಲ್ವಾ? ಬೇರೆ ಎಂತ ಹೇಳ್ಲಿ ನಾನು?”

ನನಗೆ ಅಳು ನುಗ್ಗಿ ಬಂತು. ಆದರೂ ನಾನು ಪುರಸಭೆಯ ನೀರು ಕುಡಿದವಳು. ಆ ಹೊತ್ತಿಗೂ ತಲೆ ಓಡಿತು. ಯಾರಿಗೂ ಕೇಳಿಸಿಲ್ಲ. ಇಷ್ಟೇ ಹೇಳಿ ಎದ್ದರೆ ದೋಣಿ ಹೋಗುವುದಿಲ್ಲ, ಸಂಜೆಗೆ ಸಹಿ. “ಸಾಕು ಮಾರಾಯ್ತಿ, ಏಳು,” ಅಂತ ಅವಳ ಕಿವಿಯಲ್ಲಿ ಹೇಳಿದೆ. “ನಾನು ಸತ್ತರೂ ಬಾಯಿ ಬಿಡುವುದಿಲ್ಲ. ಹತ್ತು ವರ್ಷ ಇದು ನಿನ್ನ ಕಣ್ಣೆದುರೇ ಇರ್ತದೆ.”

ಅಪ್ಪಿ ಏಳಲಿಲ್ಲ. ಬಗ್ಗಿ, ಕಾಲ ಬಳಿಯ ನೀರನ್ನು ಬೊಗಸೆಯಲ್ಲಿ ಮೊಗೆದು ಹೊರಗೆ ಚೆಲ್ಲಿದಳು. ಇನ್ನೊಂದು ಬೊಗಸೆ ಚೆಲ್ಲಿದಳು. ಚೆಲ್ಲಿದಷ್ಟೂ ಒಳಗಿನಿಂದ ಒಸರುತ್ತಿತ್ತು. “ಇದಕ್ಕೆ ಹತ್ತು ವರ್ಷ ಆಗ್ಲಿಕ್ಕಿಲ್ಲ ಗುಲಾಬಿ,” ಅಂದಳು. “ಈ ಮಳೆಗಾಲವೂ ಆಗ್ಲಿಕ್ಕಿಲ್ಲ. ಕಟ್ಟಿದಲ್ಲೇ ಮುಳುಗ್ತದೆ. ಪಾಪ, ಎಷ್ಟು ಆಸೆಯಿಂದ ನಿಂತಿದೆ ನೋಡು. ದಿನಾ ನನ್ನ ಮಾತು ಕೇಳ್ಕೊಂಡು ನಿಂತಿದೆ.”

ಆಮೇಲೆ ಎರಡೂ ಕೈಗಳಿಂದ ಅದರ ಮೂತಿ ಹಿಡಿದುಕೊಂಡಳು. “ರುಕ್ಕು ತೀರಿಹೋದ್ಲು. ಹಳದಿ ಕಾಮಾಲೆ ಆಗಿತ್ತು, ಗುಣ ಆಗ್ಲಿಲ್ಲ. ಆಸ್ಪತ್ರೆಯಲ್ಲಿ ತೀರಿಹೋದದ್ದು, ನಾನು ಹತ್ತಿರ ಇರ್ಲಿಲ್ಲ. ನಾಳೆ ಬರ್ತಾಳೆ ಅಂತ ನಿನ್ನನ್ನು ಇಷ್ಟು ದಿನ ನಿಲ್ಲಿಸಿದೆ. ಬರೂದಿಲ್ಲ. ಇನ್ನು ಬರೂದಿಲ್ಲ. ನೀನು ಹೊರಡು.”

ನಾನು ಅವಳನ್ನು ಎಬ್ಬಿಸಿ ದಕ್ಕೆಗೆ ಹತ್ತಿಸಿದೆ. ಎಲ್ಲರ ಕಣ್ಣೂ ಹಗ್ಗದ ಮೇಲೆ. ಸಾಮಾನ್ಯವಾಗಿ ಹೇಳಿದವರು ದಕ್ಕೆ ಹತ್ತುವುದರೊಳಗೆ ಹಗ್ಗ ಬಿಟ್ಟಿರುತ್ತದೆ. ಈ ಹಗ್ಗ ಬಿಗಿಯಾಗಿಯೇ ಇತ್ತು. ಇಳಿತ ಬಂತು, ನೀರು ದೋಣಿಯನ್ನು ಎಳೆಯಿತು, ಹಗ್ಗ ಕಿರುಗುಟ್ಟಿತು, ಬಿಡಲಿಲ್ಲ. ಜನ ಕೂತರು, ಕಡಲೆ ತಿಂದರು, ಮಕ್ಕಳು ಜಗಳವಾಡಿದವು. ಅಪ್ಪಿ ಗೂಟದ ಪಕ್ಕ ಕೂತವಳು ಏಳಲಿಲ್ಲ. ಹೊತ್ತು ಮುಳುಗಿತು. ದೋಣಿ ಅಲ್ಲೇ ಇತ್ತು.

ಶಾನುಭಾಗರು ಮಾತಿಗೆ ತಪ್ಪುವವರಲ್ಲ. ಅಪ್ಪಿಯ ಕಾಫಿ ಕುಡಿಯುವ ಬೆಂಚಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು. ಕಂಪೆನಿಯವನು ಮುಖ ಊದಿಸಿಕೊಂಡು ಕಾರು ಹತ್ತಿದ. ಜನ ಕೂಗಿದರು, ನಾನೂ ಕೂಗಿದೆ. ಸತ್ಯ ಹೇಳಿದ್ದೂ ಆಯಿತು, ದಕ್ಕೆ ಉಳಿದದ್ದೂ ಆಯಿತು ಅಂತ ನನಗೆ ಹಾಲು ಕುಡಿದಷ್ಟು ಸಂತೋಷ. ಅಪ್ಪಿಯೊಬ್ಬಳೇ ನಗಲಿಲ್ಲ. “ನನ್ನ ಮಾತು ಅದಕ್ಕೆ ನಂಬಿಕೆ ಆಗ್ಲಿಲ್ಲ ಅಂತ ಕಾಣ್ತದೆ,” ಅಂದಳು. “ದಿನಾ ಸುಳ್ಳು ಹೇಳಿದವಳ ಮಾತು ಯಾರು ನಂಬ್ತಾರೆ?” ನಾಳೆ ನೋಡುವ, ಈಗ ಉಣ್ಣು ಅಂದೆ. ಒಳ್ಳೇ ಬಂಗುಡೆ ತಂದಿದ್ದೆ, ನಾನೇ ಸಾರು ಮಾಡಿ ಬಡಿಸಿದೆ. ಎರಡು ತುತ್ತು ಉಂಡಳು.

ಬೆಳಿಗ್ಗೆ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಹೊರಟವಳು ರೂಢಿಯಂತೆ ಅಳಿವೆಯ ಕಡೆ ನೋಡಿದೆ. ದಕ್ಕೆಯಲ್ಲಿ ದೋಣಿ ಇರಲಿಲ್ಲ.

ಬುಟ್ಟಿಯನ್ನು ಅಲ್ಲೇ ಕೆಳಗಿಟ್ಟು ಓಡಿದೆ. ಅಪ್ಪಿ ಗೂಟದ ಪಕ್ಕ ಕೂತಿದ್ದಳು. ಅವಳ ಮಡಿಲಲ್ಲಿ ಒದ್ದೆ ಹಗ್ಗ. ಅದರ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ದೋಣಿಗೂ ಆ ಮಾತು ನಂಬಲಿಕ್ಕೆ ಒಂದು ರಾತ್ರಿ ಬೇಕಾಗಿತ್ತು ಅಂತ ಈಗ ನನಗೆ ಅನ್ನಿಸುತ್ತದೆ. ಅಷ್ಟು ಹಳೇ ದೋಣಿ, ತಳವಿಲ್ಲದ ದೋಣಿ, ಅಳಿವೆಯ ತೆರೆಗಳನ್ನು ಹೇಗೆ ದಾಟಿತೋ. ಎಲ್ಲೂ ಒಂದು ಹಲಗೆಯೂ ತೇಲುತ್ತಿರಲಿಲ್ಲ, ಅಂದರೆ ದಾಟಿತು ಅಂತಲೇ ಲೆಕ್ಕ.

ಸುದ್ದಿ ಕೇಳಿ ಶಾನುಭಾಗರು ಸ್ಕೂಟರಿನಲ್ಲಿ ಬಂದರು. ಖಾಲಿ ದಕ್ಕೆ ನೋಡಿದರು, ನನ್ನನ್ನು ನೋಡಿದರು. “ಹೊತ್ತು ಮುಳುಗುವ ತನಕ ಅಂತ ಮಾತಾದದ್ದು. ಸಹಿ ಆಗಿದೆ. ಇನ್ನು ನಾನು ನೋಡಲಿಕ್ಕೆ ಏನೂ ಇಲ್ಲ,” ಅಂದರು. ಅಪ್ಪಿಯ ಹತ್ತಿರ ಹೋಗಿ ನಿಂತು ಕೈಮುಗಿದು ಹೊರಟರು. ದೇವರಂಥ ಮನುಷ್ಯ. ಆದರೆ ಅವರು ಕೊಟ್ಟ ಹತ್ತು ವರ್ಷವನ್ನು ಖಾಲಿ ದಕ್ಕೆಯಲ್ಲಿ ಏನು ಮಾಡುವುದು ಅಂತ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಬಿಸಿಲೇರಿತು. ನಾನು ಕಾಫಿ ಕಾಯಿಸಿ ತಂದಿಟ್ಟೆ, ಆರಿಹೋಯಿತು. “ಒಳಗೆ ಬಾ” ಅಂದೆ, ಬರಲಿಲ್ಲ. ಹಗ್ಗ ಬಿಡಿಸಲಿಕ್ಕೆ ನೋಡಿದೆ. ಆ ಬೆರಳುಗಳು ಎಷ್ಟು ಬಿಗಿಯಾಗಿದ್ದವೆಂದರೆ, ಹಿಂದಿನ ದಿನದ ಹಗ್ಗವೇ ವಾಸಿ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಅಳಿವೆಯ ಕಡೆಗೂ ಅವಳು ನೋಡುತ್ತಿರಲಿಲ್ಲ. ನೋಡುತ್ತಿದ್ದದ್ದು ರಸ್ತೆಯ ಕಡೆ, ಅವತ್ತು ರುಕ್ಕುವನ್ನು ಹೊತ್ತುಕೊಂಡು ಕಾರು ಹೋದ ಕಡೆ.

ಆಗ ನನಗೆ ಅಜ್ಜಿಯ ಮಾತು ನೆನಪಾಯಿತು: ಗೊತ್ತಿರೂದು ಬೇರೆ, ಹೇಳಿಸಿಕೊಳ್ಳೂದು ಬೇರೆ. ಸಾವಾದ ಮನೆಗೆ ಯಾರಾದರೂ ಓಡಿಹೋಗಿ ಹೇಳುತ್ತೇವೆ. ಅಪ್ಪಿಯ ಹತ್ತಿರ ಯಾರೂ ಓಡಿ ಬಂದಿರಲಿಲ್ಲ. ದೋಣಿ ಅವಳ ಬಾಗಿಲಿಗೇ ಬಂದಿತ್ತು, ಅವಳಿಗೆ ಗೊತ್ತಾಗಿದೆ ಅಂತ ನಾವೆಲ್ಲ ಸುಮ್ಮನಿದ್ದೆವು. ಆ ಒಂದು ಮಾತನ್ನು ಇಷ್ಟು ವರ್ಷದಲ್ಲಿ ಅವಳಿಗೆ ಯಾರೂ ಹೇಳಿರಲಿಲ್ಲ.

ಅವಳ ಎದುರು ಕುಕ್ಕರಗಾಲಲ್ಲಿ ಕೂತೆ. ಎರಡೂ ಕೈಯಲ್ಲಿ ಅವಳ ಮುಖ ಹಿಡಿದುಕೊಂಡೆ. ನನ್ನ ಕೈ ಮೀನಿನ ವಾಸನೆ ಹೊಡೆಯುತ್ತಿತ್ತು, ಇರಲಿ.

“ಅಪ್ಪೀ,” ಅಂದೆ. “ರುಕ್ಕು ತೀರಿಹೋದ್ಲು. ನಾನು ಅವಳ ಹತ್ತಿರವೇ ಇದ್ದೆ, ನಾನೇ ಕಣ್ಣು ಮುಚ್ಚಿದ್ದು. ನೋವು ಹೆಚ್ಚಿರ್ಲಿಲ್ಲ. ಅಕ್ಕ ಎಲ್ಲಿ ಅಂತ ಒಮ್ಮೆ ಕೇಳಿದ್ಲು, ದಕ್ಕೆಯಲ್ಲಿದ್ದಾಳೆ ಅಂದೆ, ಹೂಂ ಅಂದ್ಲು. ಅವಳು ನಾಳೆ ಬರೂದಿಲ್ಲ. ಇನ್ನು ಬರೂದೇ ಇಲ್ಲ.”

ಅದರ ಮುಂದೆ ಒಂದು ಮಾತು ಬಾಕಿ ಇತ್ತು. ದೋಣಿಗೆ ಹೊರಡು ಅನ್ನುತ್ತೇವೆ, ಅದಕ್ಕೆ ಹೋಗಲಿಕ್ಕೆ ಸಮುದ್ರವಿದೆ. ಇವಳಿಗೆ ಎಂತ ಹೇಳುವುದು? ನಾನು ತಡವರಿಸಿ ಹೇಳಿದೆ, “ನೀನು ಇಲ್ಲೇ ಇರು.”

ಅಪ್ಪಿ ನನ್ನನ್ನೇ ನೋಡಿದಳು. ಅವಳ ಮುಷ್ಟಿ ಸಡಿಲಾಯಿತು, ಹಗ್ಗ ಜಾರಿ ನೀರಿಗೆ ಬಿತ್ತು.

“ಹತ್ತು ವರ್ಷವಾ, ಗುಲಾಬಿ?” ಅಂತ ಕೇಳಿದಳು.

“ಹೌದು ಮಾರಾಯ್ತಿ,” ಅಂದೆ. “ಹತ್ತು ವರ್ಷ.”

ಆಗ ಅವಳು ನನ್ನ ಹೆಗಲಿಗೆ ಹಣೆಯಿಟ್ಟು, ರುಕ್ಕು ಸತ್ತ ಮೇಲೆ ಮೊದಲ ಸಲ ಗಟ್ಟಿಯಾಗಿ ಅತ್ತಳು.